ಯಾರೂ ಹೋಗಿ ನೋಡದ ಜಾಗದಲ್ಲಿ ಒಂದು ಜೀವಿ ಇರಬಹುದು ಎಂದು ಸಾಫ್ಟ್‌ವೇರ್ ಹೇಗೆ ಹೇಳುತ್ತದೆ?

ಜೀವಿ ಅಲ್ಲಿದೆ ಎಂದು ಅದು ಹೇಳುವುದಿಲ್ಲ; ಅಲ್ಲಿನ ಹವೆ, ನೆಲ ಆ ಜೀವಿಗೆ ಒಗ್ಗುವಂತಿದೆ ಎಂದಷ್ಟೇ ಹೇಳುತ್ತದೆ.

ಎಲ್ಲ ನಡೆಯುವುದು ಹೋಲಿಕೆಯಿಂದ. ಒಂದು ಕಪ್ಪೆ ಕಂಡ ಜಾಗಗಳ ಅಕ್ಷಾಂಶ, ರೇಖಾಂಶ ಕೊಡುತ್ತೀರಿ. ಜೊತೆಗೆ ಉಷ್ಣಾಂಶ, ಮಳೆ, ಎತ್ತರದ ನಕ್ಷೆಗಳು (ವರ್ಲ್ಡ್‌ಕ್ಲಿಮ್ ಎಂಬ ಉಚಿತ ಸಂಗ್ರಹದಲ್ಲೇ ಇಂಥ 19 ಹವಾಮಾನ ಸೂಚಕಗಳಿವೆ). ಮ್ಯಾಕ್ಸೆಂಟ್‌ನಂಥ ಸಾಫ್ಟ್‌ವೇರ್ ಕಪ್ಪೆ ಕಂಡ ಕಡೆಯ ಪರಿಸರವನ್ನು, ಅದೇ ಪ್ರದೇಶದಲ್ಲಿ ಕಣ್ಣುಮುಚ್ಚಿ ಆರಿಸಿದಂಥ ಸಾವಿರಾರು ಬಿಂದುಗಳ ಪರಿಸರದೊಂದಿಗೆ ತೂಗಿ ನೋಡುತ್ತದೆ. ಪ್ರದೇಶದ ಬಹುಪಾಲು ಬೇಸಿಗೆಯಲ್ಲಿ ಒಣಗಿದರೂ ಕಪ್ಪೆ ಸಿಕ್ಕಲ್ಲೆಲ್ಲ ಆಗಲೂ ಮಳೆಯಿದ್ದರೆ, ಬೇಸಿಗೆ ಮಳೆಗೆ ಹೆಚ್ಚು ತೂಕ ಕೊಡುತ್ತದೆ. ಆಮೇಲೆ ನಕ್ಷೆಯ ಪ್ರತಿ ಚೌಕಕ್ಕೂ 0ಯಿಂದ 1ರವರೆಗಿನ ಅಂಕ.

ಎಡವಟ್ಟಾಗುವುದು ಹೆಚ್ಚಾಗಿ ದಾಖಲೆಗಳಲ್ಲಿ. ಜನ ರಸ್ತೆಗೆ ಹತ್ತಿರದಲ್ಲೇ ಹೆಚ್ಚು ಹುಡುಕುತ್ತಾರೆ. ಅದನ್ನು ಸರಿದೂಗಿಸದಿದ್ದರೆ ಸಾಫ್ಟ್‌ವೇರ್ ಕಪ್ಪೆಯ ಬದಲು ಹುಡುಕಿದವರ ಓಡಾಟವನ್ನೇ ಕಲಿತುಬಿಡುತ್ತದೆ. ಹಾಗಾಗಿ ರಂಗುರಂಗಿನ ನಕ್ಷೆ ಕಂಡರೆ ನಾನು ಮೊದಲು ಕೇಳುವುದು, ಕಪ್ಪೆ ಕಂಡ ಬಿಂದುಗಳು ಎಲ್ಲಿಂದ ಬಂದವು ಎಂದು. ಇನ್ನು ಅಂಕ ಎಷ್ಟೇ ಇದ್ದರೂ ನಡುವೆ ಕಡಲು ಅಡ್ಡವಿದ್ದರೆ ಕಪ್ಪೆ ಅಲ್ಲಿಗೆ ತಲುಪಿರಲಿಕ್ಕಿಲ್ಲ.