ಹುರಿ ಬೇರೆ, ಎಲುಬು ಬೇರೆ

ಆತ್ಮೀಯರೆ, ನಮಸ್ಕಾರ.

ಹಾವೇರಿಯಿಂದ ನೀವು ನಮ್ಮ ಪತ್ರಿಕೆಗೆ ಕಳಿಸಿದ ‘ಮಿದುಳು-ಬೆನ್ನಿನ ಶಸ್ತ್ರಚಿಕಿತ್ಸೆ: ವಿಜ್ಞಾನದ ವರದಾನ’ ಎಂಬ ಲೇಖನವನ್ನು ಎರಡು ಸಲ ಓದಿದೆ. ಭಾಷೆ ತಿಳಿಯಾಗಿದೆ. ಪಾರ್ಕಿನ್ಸನ್ ರೋಗಿಯ ಮಿದುಳಿನ ಆಳಕ್ಕೆ ತಂತಿ ಇಳಿಸಿ, ಎದೆಯ ಮೇಲ್ಭಾಗದಲ್ಲಿ ಚರ್ಮದಡಿ ಇಟ್ಟ ಸಾಧನದಿಂದ ವಿದ್ಯುತ್ ಮಿಡಿತ ಕಳಿಸುವ ಬಗೆಯನ್ನು ಚೆನ್ನಾಗಿ ವಿವರಿಸಿದ್ದೀರಿ. ಆದರೆ ಮೂರನೆಯ ಪುಟದ ಒಂದು ವಾಕ್ಯದ ಮುಂದೆ ನಾನು ಹೋಗಲಾರದೆ ನಿಂತೆ. ಈ ಪತ್ರ ಬಹುಮಟ್ಟಿಗೆ ಅದರ ಬಗೆಗೇ ಇದೆ.

‘ಸೊಂಟದ ನಾಲ್ಕನೆಯ ಮತ್ತು ಐದನೆಯ ಎಲುಬುಗಳ ನಡುವೆ ಬೆನ್ನುಹುರಿ ಜಾರಿದಾಗ ವೈದ್ಯರು ಅದನ್ನು ಬಿಡಿಸಿ ಸ್ವಸ್ಥಾನಕ್ಕೆ ಕೂಡಿಸುತ್ತಾರೆ’ ಎಂದು ಬರೆದಿದ್ದೀರಿ.

ಮೊದಲನೆಯದಾಗಿ, ನೀವು ಹೇಳುವ ಜಾಗದಲ್ಲಿ ಬೆನ್ನುಹುರಿಯೇ ಇಲ್ಲ. ವಯಸ್ಕರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೆಯ ಮಣಿಯ, ಅಂದರೆ ಬೆನ್ನೆಲುಬಿನ ಬಿಡಿ ಎಲುಬಿನ, ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಇಳಿಯುವುದು ನರಗಳ ಒಂದು ಕುಚ್ಚು, ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಕುದುರೆಯ ಬಾಲವೆಂದೇ ಹೆಸರು. ಎರಡನೆಯದಾಗಿ, ಈ ತೊಂದರೆಯಲ್ಲಿ ಏನೂ ಜಾರುವುದಿಲ್ಲ. ಎರಡು ಮಣಿಗಳ ನಡುವಿನ ಗಾದಿಯಂಥ ಡಿಸ್ಕಿನ ಹೊರ ಉಂಗುರ ಬಿರಿದು, ಒಳಗಿನ ಮೆತ್ತನೆಯ ತಿರುಳು ಹೊರಬಂದು ಪಕ್ಕದ ನರದ ಬುಡವನ್ನು ಒತ್ತುತ್ತದೆ. ಕುಂಡೆಯಿಂದ ಪಾದದವರೆಗೆ ಸೆಳೆತ ಹರಿಯುವುದು ಆ ಕಾರಣಕ್ಕೆ. ‘ಸ್ಲಿಪ್ ಡಿಸ್ಕ್’ ಎಂಬ ರೂಢಿಯ ಹೆಸರೇ ನಿಮ್ಮ ದಾರಿ ತಪ್ಪಿಸಿದೆ. ಮೂರನೆಯದಾಗಿ, ‘ಕೂಡಿಸುವುದು’ ನಮ್ಮ ಹಳ್ಳಿಗಳಲ್ಲಿ ಎಲುಬು ಕಟ್ಟುವವರು ಮಾಡುವ ಕೆಲಸ. ಶಸ್ತ್ರವೈದ್ಯರು ಸೂಕ್ಷ್ಮದರ್ಶಕದಡಿ ಒಂದು ಅಂಗುಲದ ಆಸುಪಾಸಿನ ಗಾಯ ಮಾಡಿ, ನರವನ್ನು ಮೆಲ್ಲಗೆ ಸರಿಸಿ, ಹೊರಚಾಚಿದ ತುಣುಕನ್ನು ತೆಗೆದುಹಾಕುತ್ತಾರೆ. ಅದನ್ನು ಒಳಗೆ ಮರಳಿ ಇಡುವುದಿಲ್ಲ.

ಇದರ ಬೆನ್ನಿಗೇ ‘ಶಸ್ತ್ರಚಿಕಿತ್ಸೆಯೊಂದೇ ಶಾಶ್ವತ ಪರಿಹಾರ’ ಎಂದಿದ್ದೀರಿ. ಬಹುಪಾಲು ಜನರಿಗೆ ಈ ನೋವು ಔಷಧಿ, ವ್ಯಾಯಾಮಗಳಿಂದ ಕೆಲವು ವಾರಗಳಲ್ಲೇ ಇಳಿಯುತ್ತದೆ. ಆದರೆ ಮೂತ್ರ ಕಟ್ಟಿದರೆ, ಕೂಡ್ರುವ ಜಾಗ ಮರಗಟ್ಟಿದರೆ, ಕಾಲಿನ ಬಲ ಕುಸಿಯುತ್ತ ಹೋದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ತಡೆದು ನೋಡಬಹುದಾದ ನೋವಿಗೆ ಅವಸರ ಹಚ್ಚಿ, ಅವಸರದ ಲಕ್ಷಣಗಳ ಬಗ್ಗೆ ಒಂದು ಸಾಲನ್ನೂ ಬರೆಯದಿರುವುದು ನನಗೆ ಸಿಟ್ಟು ತರಿಸಿತು.

ಆ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲಿನದೇ. 1984ರಲ್ಲಿ ನಾನು ಹುಬ್ಬಳ್ಳಿಯ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತ, ನಡುನಡುವೆ ಸಣ್ಣ ಸುದ್ದಿ ಬರೆಯಲು ಕಲಿಯುತ್ತಿದ್ದೆ. ಗದಗಿನಲ್ಲಿ ಹತ್ತಿಯ ಅಂಡಿಗೆ ಇಳಿಸುವಾಗ ಲಾರಿಯಿಂದ ಬಿದ್ದ ಹಮಾಲನೊಬ್ಬನ ಬಗ್ಗೆ ನಾಲ್ಕು ಸಾಲು ಬರೆದು, ‘ಬೆನ್ನುಹುರಿ ಮುರಿದಿದೆ’ ಎಂದು ಮುಗಿಸಿದೆ. ಹತ್ತು ದಿನಗಳ ನಂತರ ಅವನ ಅಣ್ಣ ಪತ್ರಿಕೆಯ ತುಂಡು ಹಿಡಿದುಕೊಂಡು ಕಚೇರಿಗೆ ಬಂದ. ‘ಇನ್ನ ನಡಿಯಂಗಿಲ್ಲ ಅಂತ ಬರದೀರಿ ಸಾಹೇಬ್ರ, ಆಂವ ನಿನ್ನೆ ಗ್ವಾಡಿ ಹಿಡದ ನಡದಾನ’ ಎಂದ. ಒಡೆದದ್ದು ಒಂದು ಮಣಿ ಮಾತ್ರ, ಹುರಿಗೆ ಪೆಟ್ಟಾಗಿರಲಿಲ್ಲ. ಅಷ್ಟರಲ್ಲಿ ಟೋಳಿಯವರು ಅವನ ಜಾಗಕ್ಕೆ ಬೇರೆಯವನನ್ನು ಸೇರಿಸಿಕೊಂಡಾಗಿತ್ತು. ನನ್ನ ಸಂಪಾದಕರು ಬೈಯಲಿಲ್ಲ. ಪರಿಚಯದ ವೈದ್ಯರೊಬ್ಬರಲ್ಲಿಗೆ ಕರೆದೊಯ್ದು, ಅಸ್ಥಿಪಂಜರದ ಮಣಿಗಳ ಹಿಂದಿನ ತೂತಿನೊಳಗೆ ನನ್ನ ಬೆರಳು ತೂರಿಸಿ, ‘ಹುರಿ ಇಲ್ಲಿ ಹಾಯ್ತದ’ ಎಂದರು. ಈಗಲೂ ಬೆನ್ನಿನ ಬಗ್ಗೆ ಲೇಖನ ಬಂದರೆ ಮೊದಲು ಆ ಬೆರಳೇ ನೆನಪಾಗುತ್ತದೆ.

ಇನ್ನು, ‘ಗಾಮಾ ಚಾಕುವಿನಿಂದ ಗಡ್ಡೆಯನ್ನು ಕತ್ತರಿಸಿ ತೆಗೆಯಲಾಗುತ್ತದೆ’ ಎಂಬ ಸಾಲು. ದಯವಿಟ್ಟು ‘ಗಾಮಾ ನೈಫ್’ ಎಂದೇ ಬರೆದು, ಅದರಲ್ಲಿ ಚಾಕು ಇಲ್ಲವೆಂದು ಕೂಡಲೇ ಹೇಳಿಬಿಡಿ. ಸ್ವೀಡನ್ನಿನ ನರಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್ 1951ರಲ್ಲಿ ಮುಂದಿಟ್ಟ ವಿಚಾರದಿಂದ ಬೆಳೆದ ಯಂತ್ರವದು. ವಿಕಿರಣ ಸೂಸುವ ಕೋಬಾಲ್ಟ್‌ನಿಂದ ಹೊರಡುವ ಸುಮಾರು 200 ಸಣ್ಣ ಕಿರಣಗಳು ಬೇರೆ ಬೇರೆ ದಿಕ್ಕಿನಿಂದ ಬಂದು ಒಂದೇ ಬಿಂದುವಿನಲ್ಲಿ ಕೂಡುತ್ತವೆ; ಹಾದಿಯಲ್ಲಿ ಒಂದೊಂದೂ ದುರ್ಬಲ, ಕೂಡಿದಲ್ಲಿ ಮಾತ್ರ ತೀವ್ರ. ತಲೆಬುರುಡೆಯನ್ನು ತೆರೆಯುವುದಿಲ್ಲ, ಗಡ್ಡೆಯನ್ನು ಹೊರತೆಗೆಯುವುದೂ ಇಲ್ಲ. ಅದು ಬೆಳೆಯುವುದನ್ನು ನಿಲ್ಲಿಸಬೇಕು ಅಥವಾ ತಿಂಗಳು, ವರ್ಷಗಳಲ್ಲಿ ಕುಗ್ಗಬೇಕು. ನಿಮ್ಮ ಸಾಲನ್ನು ನಂಬಿದ ಮನೆಯವರು ಮುಂದಿನ ಸ್ಕ್ಯಾನಿನಲ್ಲಿ ಗಡ್ಡೆ ಇನ್ನೂ ಇರುವುದನ್ನು ಕಂಡು, ಮೋಸವಾಯಿತೆಂದು ವೈದ್ಯರ ಮೇಲೆ ಹರಿಹಾಯ್ದರೆ ಯಾರನ್ನು ದೂರಬೇಕು?

ಉಳಿದ ಪುಟಗಳನ್ನು ನಾನು ಮುಟ್ಟಿಲ್ಲ. ಶೀರ್ಷಿಕೆಯ ‘ವರದಾನ’ವನ್ನು ಕೈಬಿಡಿ. ಹುಬ್ಬಳ್ಳಿಗೆ ಬಂದಾಗ ನರಶಸ್ತ್ರವೈದ್ಯರೊಬ್ಬರನ್ನು ಕಂಡು, ಡಿಸ್ಕಿನ ಭಾಗವನ್ನು ಅವರ ಮುಂದೆಯೇ ಓದಿ ತಿದ್ದಿಕೊಳ್ಳಿ, ಒಂದು ಎಂ.ಆರ್.ಐ. ಚಿತ್ರ ತೋರಿಸಿ ಹುರಿ ಎಲ್ಲಿ ಮುಗಿಯುತ್ತದೆಂದು ಕೇಳಿ. ಆ ಮೇಲೆ ಕಳಿಸಿದರೆ ಮುಂದಿನ ತಿಂಗಳ ಸಂಚಿಕೆಗೆ ಎರಡು ಪುಟ ತೆಗೆದಿಟ್ಟಿರುತ್ತೇನೆ.