ಬೆಕ್ಕಿನ ಇನ್ಸುಲಿನ್ ಮತ್ತು ಕೆಂಪು ಮುಚ್ಚಳದ ಸಿರಿಂಜ್

ಪ್ರಶ್ನೆ: ನಮ್ಮ ಮನೆಯ ಒಂಬತ್ತು ವರ್ಷದ, ಸುಮಾರು 6 ಕೆ.ಜಿ. ತೂಗುವ ಗಂಡು ಬೆಕ್ಕಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದು ಹದಿನೈದು ದಿನಗಳಾದವು. ಪಶುವೈದ್ಯರು ಗ್ಲಾರ್ಜಿನ್ ಇನ್ಸುಲಿನ್ ಬರೆದುಕೊಟ್ಟು, ಬೆಳಿಗ್ಗೆ ಮತ್ತು ಸಂಜೆ ಒಂದೊಂದು ಯುನಿಟ್ ಚುಚ್ಚಲು ಹೇಳಿದ್ದಾರೆ. ಔಷಧ ಅಂಗಡಿಯಲ್ಲಿ ಕಿತ್ತಳೆ ಮುಚ್ಚಳದ ಸಿರಿಂಜ್ ಮುಗಿದಿದ್ದರಿಂದ ಕೆಂಪು ಮುಚ್ಚಳದ್ದನ್ನು ತಂದಿದ್ದೇನೆ. ಸಂಜೆ ಪರೀಕ್ಷಿಸಿದರೆ ಸಕ್ಕರೆ 340ರ ಆಸುಪಾಸಿನಲ್ಲೇ ಇರುತ್ತದೆ. ಕಳೆದ ಭಾನುವಾರ ಮಧ್ಯಾಹ್ನ ಮಾತ್ರ ಬೆಕ್ಕು ನಿಲ್ಲಲಾರದೆ ತೂರಾಡಿತು. ಬೆಲ್ಲದ ನೀರು ನೆಕ್ಕಿಸಿದ ಮೇಲೆ ಚೇತರಿಸಿಕೊಂಡಿತು. ಇನ್ಸುಲಿನ್ ಅನ್ನು ಎರಡು ಯುನಿಟ್‌ಗೆ ಏರಿಸಬಹುದೇ? ನಾನು ಇಂಡಿ ಪಟ್ಟಣದ ಶಾಲೆಯೊಂದಕ್ಕೆ ಹೋಗಿಬರುವುದರಿಂದ ಬಸ್ ತಡವಾದ ದಿನ ಸಂಜೆಯ ಹೊತ್ತು ತಪ್ಪುತ್ತದೆ. ಆಗ ಏನು ಮಾಡಬೇಕು?
– ಓದುಗರು, ವಿಜಯಪುರ

ಉತ್ತರ: ದಯವಿಟ್ಟು ಏರಿಸಬೇಡಿ. ಪತ್ರ ಕೈಸೇರಿದ ದಿನವೇ ಇದನ್ನು ನಿಮಗೆ ಫೋನಿನಲ್ಲಿ ತಿಳಿಸಿ, ಮುಂದಿನ ಚುಚ್ಚುಮದ್ದಿಗೆ ಮೊದಲು ನಿಮ್ಮ ವೈದ್ಯರನ್ನು ಕಾಣಲು ಹೇಳಿದ್ದೆ. ಇತರರಿಗೂ ಉಪಯೋಗವಾಗಲೆಂದು ಇಲ್ಲಿ ವಿವರಿಸುತ್ತಿದ್ದೇನೆ.

ನಿಮ್ಮ ತೊಂದರೆಯ ಮೂಲ ಆ ಕೆಂಪು ಮುಚ್ಚಳದಲ್ಲಿದೆ. ನಮ್ಮಲ್ಲಿ ಕೆಂಪು ಮುಚ್ಚಳದ ಸಿರಿಂಜ್ ಇರುವುದು ಒಂದು ಮಿ.ಲೀ.ಗೆ 40 ಯುನಿಟ್ ಇರುವ ಇನ್ಸುಲಿನ್‌ಗೆ. ಕಿತ್ತಳೆ ಮುಚ್ಚಳದ್ದು 100 ಯುನಿಟ್ ಇರುವುದಕ್ಕೆ. ಗ್ಲಾರ್ಜಿನ್ ಎರಡನೆಯ ಬಗೆಯದು. ಅದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಒಂದನೆಯ ಗೆರೆಯವರೆಗೆ ಎಳೆದರೆ ಒಳಗೆ ಬರುವುದು ಒಂದು ಯುನಿಟ್ ಅಲ್ಲ, ಎರಡೂವರೆ ಯುನಿಟ್. ಭಾನುವಾರ ಬೆಕ್ಕು ತೂರಾಡಿದ್ದು ಇದರಿಂದ ಸಕ್ಕರೆ ತೀರ ಇಳಿದೇ ಇರಬೇಕು. ನೀವು ಎರಡನೆಯ ಗೆರೆಗೆ ಏರಿಸಿದ್ದರೆ ಆ ಪುಟ್ಟ ಜೀವಕ್ಕೆ ಐದು ಯುನಿಟ್ ಹೋಗುತ್ತಿತ್ತು. ಬಾಟಲಿಯ ಮೇಲಿನ ಸಂಖ್ಯೆಯೂ ಸಿರಿಂಜಿನ ಮೇಲಿನ ಸಂಖ್ಯೆಯೂ ಒಂದೇ ಆಗಿರುವುದನ್ನು ಪ್ರತಿ ಸಲ ಕೊಳ್ಳುವಾಗಲೂ ಓದಿ ನೋಡಿ. ಅಂಗಡಿಯವರು ‘ಎರಡೂ ಒಂದೇ’ ಎಂದರೂ ಒಪ್ಪಬೇಡಿ.

ಸಂಜೆಯ 340 ನಿಮ್ಮನ್ನು ಹೆದರಿಸಿರುವುದು ಸಹಜ. ಆದರೆ ಅದು ಹಿಂದಿನ ಚುಚ್ಚುಮದ್ದಿನ ಬಲ ತೀರುತ್ತ ಬಂದ ಹೊತ್ತಿನ ಅಂಕಿ; ನಡುವೆ ಸಕ್ಕರೆ ಎಷ್ಟು ಕೆಳಗಿಳಿದಿತ್ತು ಎಂಬುದನ್ನು ಅದು ಹೇಳುವುದಿಲ್ಲ. ಹಿಡಿದು ರಕ್ತ ತೆಗೆಯುವಾಗಿನ ಗಾಬರಿಯಿಂದಲೂ ಬೆಕ್ಕುಗಳಲ್ಲಿ ಸಕ್ಕರೆ ಏರುತ್ತದೆ. ಹೀಗಾಗಿ ಇನ್ಸುಲಿನ್ ಎಷ್ಟಿರಬೇಕೆಂಬುದನ್ನು ತೀರ್ಮಾನಿಸುವಾಗ ಆ ಹನ್ನೆರಡು ಗಂಟೆಗಳ ಅತಿ ಕಡಿಮೆ ಅಂಕಿಗೇ ಹೆಚ್ಚು ಬೆಲೆ. ವೈದ್ಯರು ಸರಿಯಾದ ಸಿರಿಂಜಿನಿಂದ ಮತ್ತೆ ಆರಂಭಿಸಿದ ಮೇಲೆ ಒಂದು ವಾರದಷ್ಟು ಕಾಲ ಪ್ರಮಾಣ ಬದಲಿಸದೆ, ರಜೆಯ ದಿನವೊಂದರಲ್ಲಿ ಎರಡು ಗಂಟೆಗೊಮ್ಮೆ ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ನೋಡಿ, ಬರೆದಿಟ್ಟು, ಆ ಪುಟವನ್ನು ವೈದ್ಯರಿಗೆ ತೋರಿಸಿ. ಕಿವಿಯನ್ನು ಮೊದಲು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡರೆ ಹನಿ ಸುಲಭವಾಗಿ ಮೂಡುತ್ತದೆ. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಯಾವ ಯಂತ್ರ ಬಳಸಿದಿರೆಂದೂ ಬರೆಯಿರಿ.

ನೀವು ಹೋಗಿಬರುವ ವೇಳೆಗೆ ತಕ್ಕಂತೆ, ಹನ್ನೆರಡು ಗಂಟೆಗಳ ಅಂತರದಲ್ಲಿ ಎರಡು ಹೊತ್ತುಗಳನ್ನು ಗೊತ್ತುಮಾಡಿಕೊಳ್ಳಿ. ಗಂಟೆಯಷ್ಟು ಹಿಂದೆಮುಂದಾದರೆ ಚಿಂತೆಯಿಲ್ಲ. ತೀರ ತಡವಾದರೆ ಆ ಹೊತ್ತನ್ನು ಬಿಟ್ಟು, ಮುಂದಿನ ಹೊತ್ತಿಗೆ ಎಂದಿನಷ್ಟೇ ಕೊಡಿ. ಎಂದಿಗೂ ಎರಡನ್ನು ಸೇರಿಸಿ ಕೊಡಬೇಡಿ. ಚುಚ್ಚುವಾಗ ಬೆಕ್ಕು ಅಲುಗಿ, ಔಷಧ ಒಳಗೆ ಹೋಯಿತೋ ಕೂದಲ ಮೇಲೆ ಚೆಲ್ಲಿತೋ ಎಂಬ ಅನುಮಾನ ಬಂದರೂ ಮತ್ತೆ ಚುಚ್ಚಬಾರದು. ಒಂದು ಹೊತ್ತು ತಪ್ಪಿದರೆ ಸಕ್ಕರೆ ಸ್ವಲ್ಪ ಏರುತ್ತದೆ, ಅಷ್ಟೆ. ಇಮ್ಮಡಿಯಾದರೆ ಪ್ರಾಣಕ್ಕೇ ಅಪಾಯ. ಮೊದಲು ಊಟ ಇಟ್ಟು, ಅದು ತಿನ್ನುವುದನ್ನು ಕಂಡ ಮೇಲೆ ಚುಚ್ಚಿ. ಊಟ ಬಿಟ್ಟರೆ ಅಥವಾ ವಾಂತಿ ಮಾಡಿದರೆ ವೈದ್ಯರನ್ನು ಕೇಳದೆ ಇನ್ಸುಲಿನ್ ಕೊಡಬೇಡಿ.

ಮತ್ತೆ ತೂರಾಡಿದರೆ ಬೆರಳಿನಿಂದ ಜೇನುತುಪ್ಪವನ್ನೋ ಗ್ಲುಕೋಸ್ ನೀರನ್ನೋ ವಸಡಿಗೆ ಸವರಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಪ್ರಜ್ಞೆಯಿಲ್ಲದ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬಾರದು, ಉಸಿರಾಟದ ದಾರಿಗೆ ಹೋದೀತು.

ನಮ್ಮ ಮನೆಗಳಲ್ಲಿ ಬೆಕ್ಕಿಗೆ ಹಾಲಿನಲ್ಲಿ ನೆನೆಸಿದ ರೊಟ್ಟಿ ಹಾಕುವುದು ರೂಢಿ. ಈ ಬೆಕ್ಕಿಗೆ ಮಾಂಸ, ಮೀನಿನಂಥ ಪ್ರೋಟೀನ್ ಹೆಚ್ಚಿರುವ ಆಹಾರವೇ ಮೇಲು. ಆದರೆ ರೊಟ್ಟಿ ಬಿಡಿಸಿದ ಕೂಡಲೇ ಇನ್ಸುಲಿನ್ ಬೇಕಾಗುವುದು ಕಡಿಮೆಯಾಗಬಹುದು. ಆದ್ದರಿಂದ ವೈದ್ಯರಿಗೆ ತಿಳಿಸಿಯೇ ಬದಲಿಸಿ. ಆರಂಭದಲ್ಲೇ ಚಿಕಿತ್ಸೆ ಸಿಕ್ಕ ಕೆಲವು ಬೆಕ್ಕುಗಳು ಕೆಲ ತಿಂಗಳಲ್ಲಿ ಇನ್ಸುಲಿನ್ ಬೇಡದ ಸ್ಥಿತಿಗೂ ಬರುತ್ತವೆ. ನಿಮ್ಮದು ಇನ್ನೂ ಹದಿನೈದೇ ದಿನಗಳ ಮಾತು.