ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗುವ ಕಾಯಿಲೆ) ಇರುವವರಿಗೆ ಮಲಬದ್ಧತೆ ಇಲ್ಲದಿದ್ದರೂ ಲ್ಯಾಕ್ಟುಲೋಸ್ ಸಿರಪ್ ಯಾಕೆ ಕೊಡುತ್ತಾರೆ?
ಇಲ್ಲಿ ಅದು ಮಲಬದ್ಧತೆಗೆ ಕೊಡುವ ಔಷಧಿಯಲ್ಲ, ಮಿದುಳನ್ನು ಕಾಪಾಡಲು ಕೊಡುವುದು. ಕರುಳಿನಲ್ಲಿ ಹುಟ್ಟುವ ಅಮೋನಿಯಾವನ್ನು ಕೆಟ್ಟ ಲಿವರ್ ಪೂರ್ತಿ ತೆಗೆಯಲಾರದು. ಅದು ರಕ್ತದಲ್ಲಿ ಮಿದುಳಿಗೇರಿದರೆ ಮಂಪರು, ಗೊಂದಲ. ಕೈ ಮುಂದೆ ಚಾಚಿ ಮಣಿಕಟ್ಟು ಮೇಲೆತ್ತಿ ಹಿಡಿಯಲು ಹೇಳಿದರೆ ಅಂಗೈ ಪಟಪಟನೆ ಕೆಳಗೆ ಬೀಳುತ್ತದೆ.

ಲ್ಯಾಕ್ಟುಲೋಸ್ ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಆಮ್ಲ ಮಾಡುತ್ತವೆ. ಆ ಆಮ್ಲದಲ್ಲಿ ಅಮೋನಿಯಾ ಅಮೋನಿಯಂ ಅಯಾನ್ ಆಗಿ, ರಕ್ತಕ್ಕೆ ಮರಳಲಾಗದೆ ಮಲದೊಂದಿಗೆ ಹೋಗುತ್ತದೆ.

ಸಾಮಾನ್ಯವಾಗಿ 15–30 ಮಿ.ಲೀ., ದಿನಕ್ಕೆ 2–3 ಸಲ. ಆದರೆ ನೋಡಬೇಕಾದ್ದು ಅಳತೆ ಲೋಟವನ್ನಲ್ಲ, ಮಲವನ್ನು: ದಿನಕ್ಕೆ 2–3 ಸಲ ಮೆತ್ತಗೆ ಆಗಬೇಕು. ನೀರಾಗಿ ಐದಾರು ಸಲ ಹೋದರೆ ದೇಹ ಒಣಗಿ, ಪೊಟ್ಯಾಸಿಯಂ ಇಳಿದು, ಗೊಂದಲ ಮತ್ತೆ ಹೆಚ್ಚುತ್ತದೆ. ಆಗ ವೈದ್ಯರನ್ನು ಕೇಳಿ ಪ್ರಮಾಣ ಇಳಿಸಬೇಕು. ‘ಹೊಟ್ಟೆ ಸರಿಯಾಯ್ತು’ ಎಂದು ಪೂರ್ತಿ ಬಿಡುವುದು ಹಲವರು ಮಾಡುವ ತಪ್ಪು.

ಗೊಂದಲ ಪದೇಪದೇ ಮರುಕಳಿಸಿದರೆ ಜೊತೆಗೆ ರಿಫಾಕ್ಸಿಮಿನ್ ಎಂಬ ಆಂಟಿಬಯಾಟಿಕ್ 550 ಮಿ.ಗ್ರಾಂ. ದಿನಕ್ಕೆರಡು ಸಲ. 2010ರಲ್ಲಿ ಪ್ರಕಟವಾದ, 299 ರೋಗಿಗಳ ಆರು ತಿಂಗಳ ಪ್ರಯೋಗದಲ್ಲಿ ಅದನ್ನು ತೆಗೆದುಕೊಳ್ಳದವರಲ್ಲಿ ಸುಮಾರು 46% ಮಂದಿಗೆ, ತೆಗೆದುಕೊಂಡವರಲ್ಲಿ 22% ಮಂದಿಗೆ ಮರುಕಳಿಸಿತು. ಎರಡೂ ಗುಂಪುಗಳಲ್ಲಿ 90%ಕ್ಕಿಂತ ಹೆಚ್ಚಿನವರು ಲ್ಯಾಕ್ಟುಲೋಸನ್ನೂ ತೆಗೆದುಕೊಳ್ಳುತ್ತಿದ್ದರು.